ಗಾಲ್ಫ್ ವರ್ಕ್‌ಶಾಪಿಗೆ ಲಿಫ್ಟ್ ಕೊಳ್ಳುವುದು ಹೇಗೆ: ಟನ್ ಆಮೇಲೆ ಕೇಳಿ, ಮೊದಲು ಚಕ್ರ ಎಣಿಸಿ

ಕ್ಲಬ್ ಕಮಿಟಿ ಮುಂದೆ ರಿಪೇರಿಗೆ ಯಂತ್ರ ಎತ್ತುವ ಲಿಫ್ಟ್ ವಿಷಯ ಇಟ್ಟರೆ ಮೊದಲು ಬರುವ ಪ್ರಶ್ನೆ, "ಎಷ್ಟು ಟನ್ನಿಂದು?" ಅದರ ಹಿಂದೆಯೇ ಇನ್ನೊಂದು, "ಕಾರ್ ಗ್ಯಾರೇಜಿನಲ್ಲಿ ಇರುತ್ತಲ್ಲ, ಅದೇ ಸಾಕಲ್ವಾ?" ಮೊದಲನೆಯದಕ್ಕೆ ಉತ್ತರ ಸುಲಭ. ಟ್ರ್ಯಾಕ್ಟರ್ ಬಿಟ್ಟರೆ ಗಾಲ್ಫ್ ಕೋರ್ಸಿನ ಹೆಚ್ಚಿನ ಯಂತ್ರಗಳು ಎರಡು ಟನ್ ಒಳಗೇ ಇರುತ್ತವೆ. ಎರಡನೆಯ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ.

ಕಾರಿಗೆ ನಾಲ್ಕು ಮೂಲೆಯಲ್ಲಿ ನಾಲ್ಕು ಚಕ್ರ. ಕೆಳಗೆ ಎಲ್ಲಿ ಹಿಡಿದು ಎತ್ತಬೇಕು ಅನ್ನುವುದಕ್ಕೆ ಗುರುತಿಟ್ಟ ಜಾಗ. ಗ್ರೀನ್ಸ್, ಅಂದರೆ ಗುಳಿ ಇರುವ ನುಣುಪಾದ ಹುಲ್ಲುಹಾಸು, ಕತ್ತರಿಸುವ ಮೂರು ರೀಲಿನ ಟ್ರಿಪ್ಲೆಕ್ಸ್ ಮೋವರ್‌ಗೆ ಮೂರೇ ಚಕ್ರ. ಮುಂದೆ ಎರಡು, ಹಿಂದೆ ನಡುವಿನಲ್ಲಿ ಒಂದು. ಮುಂದೆಯೂ ಹೊಟ್ಟೆಯ ಕೆಳಗೂ ರೀಲ್‌ಗಳು, ಅಂದರೆ ಹುಲ್ಲು ಕತ್ತರಿಸುವ ಬ್ಲೇಡಿನ ಉರುಳೆಗಳು, ನೇತಾಡುತ್ತಿರುತ್ತವೆ. ಚಾಸಿ ಪಕ್ಕದಲ್ಲೇ ಹೈಡ್ರಾಲಿಕ್ ಹೋಸ್‌ಗಳು. ಇದನ್ನು ಎಲ್ಲಿ ಹಿಡಿದು ಎತ್ತುತ್ತೀರಿ ಅನ್ನುವುದೇ ಲಿಫ್ಟ್ ಆಯ್ಕೆಯ ಮುಖ್ಯ ಪ್ರಶ್ನೆ. ಟನ್ ಲೆಕ್ಕ ನೋಡಿ ಕೊಂಡ ಲಿಫ್ಟ್ ಕೊನೆಗೆ ಕ್ಲಬ್ಬಿನ ಜೀಪನ್ನೋ ಸೆಕ್ರೆಟರಿ ಕಾರನ್ನೋ ಎತ್ತುತ್ತಾ ನಿಲ್ಲುತ್ತದೆ. ಮೋವರ್ ಮಾತ್ರ ಮೊದಲಿನ ಹಾಗೆ ಜ್ಯಾಕ್, ಮರದ ದಿಮ್ಮಿ ಮೇಲೆ.

ನಮ್ಮಲ್ಲಿ 1876ರಿಂದ ಬೆಂಗಳೂರು ನಗರದ ನಡುವೆ ಇರುವ ಬೆಂಗಳೂರು ಗಾಲ್ಫ್ ಕ್ಲಬ್ ಇದೆ. ಮಡಿಕೇರಿ, ಚಿಕ್ಕಮಗಳೂರಿನಂಥ ಮಳೆ ಸುರಿಯುವ ಬೆಟ್ಟದೂರಿನ ಕೋರ್ಸ್‌ಗಳೂ ಇವೆ. ಊರೊಳಗೆ ಜಾಗದ ಕೊರತೆ, ಮಲೆನಾಡಿನಲ್ಲಿ ತುಕ್ಕಿನ ಕಾಟ. ಹಾಗಾಗಿ ಎಲ್ಲರಿಗೂ ಒಂದೇ ಮಾಡೆಲ್ ಹೇಳುವುದಕ್ಕೆ ಆಗುವುದಿಲ್ಲ. ಆದರೆ ಯಾವ ಪ್ರಶ್ನೆ ಮೊದಲು, ಯಾವುದು ಆಮೇಲೆ ಅನ್ನುವುದು ಎಲ್ಲ ಕಡೆಗೂ ಒಂದೇ.

ಹಂತ 1: ಶೆಡ್ಡಿನಲ್ಲಿರುವ ಯಂತ್ರಗಳನ್ನು ಬರೆದುಕೊಳ್ಳಿ

ಕ್ಯಾಟಲಾಗ್ ತೆರೆಯುವ ಮುಂಚೆ ಟೇಪ್ ಹಿಡಿದು ಶೆಡ್ಡಿಗೆ ಹೋಗಿ. ಪ್ರತಿ ಯಂತ್ರಕ್ಕೂ ಇಷ್ಟು ಬರೆದುಕೊಳ್ಳಿ: ಎಷ್ಟು ಚಕ್ರ, ಎಡ ಮತ್ತು ಬಲ ಚಕ್ರದ ನಡುವೆ ಎಷ್ಟು ಅಂತರ, ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ ಎಷ್ಟು, ನೆಲದಿಂದ ಹೊಟ್ಟೆಗೆ ಎಷ್ಟು ಎತ್ತರ, ತಲೆಯ ಮೇಲಿನ ರಕ್ಷಣಾ ಕಂಬಿಯ ತುದಿಗೆ ಎಷ್ಟು ಎತ್ತರ, ತೂಕ ಎಷ್ಟು.

ತೂಕದ ವಿಷಯದಲ್ಲಿ ಒಂದು ಮಾತು. ಮ್ಯಾನ್ಯುಯಲ್‌ನಲ್ಲಿ ಕೊಟ್ಟಿರುವುದು ಎಷ್ಟೋ ಸಲ ಡೀಸೆಲ್, ಎಣ್ಣೆ, ಕಟಿಂಗ್ ಯೂನಿಟ್ ಯಾವುದೂ ಇಲ್ಲದ ಬರಿ ತೂಕ. ಅದರ ಮೇಲೆ ನಿಮ್ಮವರು ವರ್ಷಗಳಿಂದ ವೆಲ್ಡ್ ಮಾಡಿ ಸೇರಿಸಿದ್ದು ಬೇರೆ ಇರುತ್ತದೆ. ಹತ್ತಿರದ ವೇ ಬ್ರಿಡ್ಜಿಗೆ ಒಯ್ದು ತೂಗಿಸಿ. ಖರ್ಚು ಅಂಥದ್ದೇನಲ್ಲ. ಮುಂದಿನ ಚಕ್ರ ಮಾತ್ರ ತೂಕದ ತಟ್ಟೆಯ ಮೇಲೆ ನಿಲ್ಲಿಸಿ ಒಂದು ಸಲ, ಹಿಂದಿನದು ಮಾತ್ರ ನಿಲ್ಲಿಸಿ ಇನ್ನೊಂದು ಸಲ ತೂಗಿಸಿದರೆ ಭಾರ ಯಾವ ಕಡೆ ಕೂತಿದೆ ಅನ್ನುವುದೂ ಗೊತ್ತಾಗುತ್ತದೆ. ಆ ಲೆಕ್ಕ ಮುಂದೆ ಬೇಕಾಗುತ್ತದೆ.

ಒಂದು ಅಂದಾಜು ಬೇಕಿದ್ದರೆ: ಕೈಯಲ್ಲಿ ನಡೆಸುವ ಗ್ರೀನ್ಸ್ ಮೋವರ್ ಸುಮಾರು 100 ಕೆಜಿ. ಟ್ರಿಪ್ಲೆಕ್ಸ್ 600-700 ಕೆಜಿ ಆಸುಪಾಸು. ಫೇರ್‌ವೇ, ಅಂದರೆ ಗ್ರೀನ್‌ವರೆಗಿನ ಆಟದ ಹಾದಿ, ಕತ್ತರಿಸುವ ಐದು ರೀಲಿನ ಮೋವರ್ ಒಂದೂಕಾಲು ಟನ್ನಿನಿಂದ ಒಂದೂವರೆ ಟನ್. ಅಂಚಿನ ಎತ್ತರದ ಹುಲ್ಲಿಗೆ, ಅಂದರೆ ರಫ್‌ಗೆ, ಬಳಸುವ ದೊಡ್ಡ ರೋಟರಿ ಮೋವರ್ ಎರಡು ಟನ್ ಹತ್ತಿರ ಹೋಗುತ್ತದೆ. ಮೋಸ ಮಾಡುವುದು ಸ್ಪ್ರೇಯರ್. 175 ಅಮೆರಿಕನ್ ಗ್ಯಾಲನ್ ಟ್ಯಾಂಕ್ ಅಂದರೆ 660 ಲೀಟರ್ ದಾಟುತ್ತದೆ. ತುಂಬಿದ್ದರೆ ನೀರೇ 660 ಕೆಜಿ. ಅರ್ಧ ತುಂಬಿದ್ದರೆ ಇನ್ನೂ ಅಪಾಯ, ನೀರು ಅತ್ತಿತ್ತ ಹೊಯ್ದಾಡುತ್ತದೆ. ಸ್ಪ್ರೇಯರ್ ಲಿಫ್ಟ್ ಮೇಲೆ ಹೋಗುವಾಗ ಟ್ಯಾಂಕ್ ಖಾಲಿ ಇರಬೇಕು ಅನ್ನುವ ನಿಯಮವನ್ನು ಈಗಲೇ ಗೋಡೆಗೆ ಬರೆಸಿಬಿಡಿ.

ಹಂತ 2: ಕೈ ಎಲ್ಲಿಗೆ ಹೋಗಬೇಕು ನೋಡಿ

ನಿಮ್ಮ ಮೆಕ್ಯಾನಿಕ್ ವಾರಪೂರ್ತಿ ಏನು ಮಾಡುತ್ತಾರೆ ಕೇಳಿ. ಕಾರ್ ಗ್ಯಾರೇಜಿನಲ್ಲಿ ಎಂಜಿನ್ ಎಣ್ಣೆ, ಬ್ರೇಕು, ಸಸ್ಪೆನ್ಷನ್. ಗಾಲ್ಫ್ ಶೆಡ್ಡಿನಲ್ಲಿ ದಿನದ ದೊಡ್ಡ ಕೆಲಸ ರೀಲ್ ಮತ್ತು ಅದರ ಕೆಳಗೆ ಅಲುಗದೆ ಕೂರುವ ಬ್ಲೇಡ್, ಅಂದರೆ ಬೆಡ್‌ನೈಫ್. ಗ್ರೀನ್ಸ್ ಮೇಲೆ ಹುಲ್ಲನ್ನು 3 ಮಿಲಿಮೀಟರ್ ಆಸುಪಾಸಿಗೆ ಕತ್ತರಿಸುತ್ತಾರೆ. ರೀಲಿಗೂ ಬೆಡ್‌ನೈಫಿಗೂ ನಡುವೆ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದರೂ ಮರುದಿನ ಬೆಳಿಗ್ಗೆ ಗ್ರೀನ್ ಮೇಲೆ ಗೆರೆ ಎದ್ದು ಕಾಣುತ್ತದೆ. ಹೀಗಾಗಿ ಕಾಗದದ ಚೂರು ಕತ್ತರಿಸಿ ನೋಡುವುದು, ಸ್ಕ್ರೂ ತಿರುಗಿಸುವುದು, ಮತ್ತೆ ನೋಡುವುದು ದಿನವೂ ನಡೆಯುತ್ತದೆ. ಇದಕ್ಕೆ ಆಳೆತ್ತರದ ಲಿಫ್ಟ್ ಬೇಕಿಲ್ಲ. ರೀಲು ಎದೆಯ ಮಟ್ಟಕ್ಕೆ ಬಂದರೆ ಸಾಕು. ಸ್ಟೂಲ್ ಮೇಲೆ ಕೂತು ಮಾಡುವವರಿಗೆ ಅದಕ್ಕಿಂತ ಕೆಳಗೂ ನಡೆಯುತ್ತದೆ.

ಇದು ಗೊತ್ತಿಲ್ಲದೆ ಆರಡಿ ಎತ್ತುವ ಲಿಫ್ಟಿಗೆ ದುಡ್ಡು ಸುರಿದವರಿದ್ದಾರೆ. ಯಂತ್ರದ ಕೆಳಗೆ ನಿಂತು ಮಾಡುವ ಕೆಲಸ, ಅಂದರೆ ಹೈಡ್ರಾಲಿಕ್ ಮೋಟರ್ ಬಿಚ್ಚುವುದು, ಗೇರ್ ಮತ್ತು ಆಕ್ಸಲ್ ಒಟ್ಟಿಗಿರುವ ಟ್ರಾನ್ಸ್‌ಆಕ್ಸಲ್ ಇಳಿಸುವುದು, ತಿಂಗಳಿಗೆ ಎಷ್ಟು ಸಲ ಬರುತ್ತದೆ? ಅಪರೂಪಕ್ಕೆ ಬಂದರೆ ಅದಕ್ಕಾಗಿ ಲಿಫ್ಟ್ ಆರಿಸಬೇಡಿ.

ಹಂತ 3: ಯಾವ ಜಾತಿಯ ಲಿಫ್ಟ್

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ದುಡ್ಡು ಹಾಳಾಗುವುದು ಇಲ್ಲೇ.

ಎರಡು ಕಂಬದ ಲಿಫ್ಟ್ ಎಲ್ಲರಿಗೂ ಗೊತ್ತು. ನಾಲ್ಕು ತೋಳು ಒಳಗೆ ಚಾಚಿ ಚಾಸಿಯನ್ನು ಹಿಡಿಯುತ್ತವೆ, ಚಕ್ರಗಳು ಗಾಳಿಯಲ್ಲಿ ನೇತಾಡುತ್ತವೆ. ಯುಟಿಲಿಟಿ ವಾಹನ, ಪಿಕಪ್, ಕ್ಲಬ್ ಕಾರಿಗೆ ಚೆನ್ನಾಗಿದೆ. ಮೋವರ್‌ಗೆ ಬಂದರೆ ತೊಡಕು ಶುರು. ಕಾರಿನ ಅಳತೆಗೆ ಮಾಡಿದ ತೋಳುಗಳು ಇಷ್ಟು ಸಣ್ಣ ಯಂತ್ರದ ನಡುವಿನವರೆಗೆ ಚಾಚಿಕೊಳ್ಳುತ್ತವಾ? ಐದು ರೀಲಿನ ಮೋವರ್‌ನಲ್ಲಿ ಮೂರು ರೀಲು ಮುಂದೆ, ಉಳಿದೆರಡು ಆಕ್ಸಲ್‌ಗಳ ನಡುವೆ ಇರುತ್ತವೆ. ತೋಳು ಒಳಗೆ ಹೋಗಬೇಕಾದ ದಾರಿಯಲ್ಲೇ ಆ ಎರಡು ಅಡ್ಡ ಕೂತಿರುತ್ತವೆ. ತೋಳಿನ ತುದಿಯ ಪ್ಯಾಡ್ ಕೂರಿಸಲು ಮ್ಯಾನ್ಯುಯಲ್‌ನಲ್ಲಿ ಜ್ಯಾಕ್ ಇಡುವ ಜಾಗ ತೋರಿಸಿರುತ್ತಾರೆ. ಅಲ್ಲಿಗೆ ತೋಳು ಮುಟ್ಟದಿದ್ದರೆ ಸುಮ್ನೆ ಸಿಕ್ಕಿದ ಕಡೆ ಕೊಡಬೇಡಿ. ಹೋಸ್ ಚಪ್ಪಟೆಯಾಗುತ್ತದೆ, ಇಲ್ಲವೇ ತೆಳು ಪೈಪಿನ ಫ್ರೇಮ್ ಬಾಗುತ್ತದೆ.

ಇನ್ನೊಂದು ಲೆಕ್ಕ ಸೇಲ್ಸ್‌ಮನ್ ತಾನಾಗಿ ಹೇಳುವುದು ಕಡಿಮೆ. 4 ಟನ್ ಲಿಫ್ಟ್ ಅಂದರೆ ಒಂದೊಂದು ತೋಳಿಗೆ 1 ಟನ್. ನಿಮ್ಮ 3 ಟನ್ ಟ್ರ್ಯಾಕ್ಟರಿನಲ್ಲಿ ನೂರಕ್ಕೆ 70 ಭಾಗ ಭಾರ ಹಿಂದೆ ಇದ್ದರೆ ಹಿಂದಿನ ಎರಡು ತೋಳುಗಳ ಮೇಲೆ 2.1 ಟನ್ ಕೂರುತ್ತದೆ. ತೋಳಿಗೆ 1,050 ಕೆಜಿ. ಒಟ್ಟು ಲೆಕ್ಕದಲ್ಲಿ ಪಾಸ್, ತೋಳಿನ ಲೆಕ್ಕದಲ್ಲಿ ಫೇಲ್. ವೇ ಬ್ರಿಡ್ಜಿನಲ್ಲಿ ಹಿಂದೆ ಮುಂದೆ ಬೇರೆ ಬೇರೆ ತೂಗಿಸಲು ಹೇಳಿದ್ದು ಇದಕ್ಕೇ.

ನಾಲ್ಕು ಕಂಬದ ಲಿಫ್ಟ್ ಮೇಲೆ ಯಂತ್ರವನ್ನು ಓಡಿಸಿಕೊಂಡು ಹೋಗಿ ನಿಲ್ಲಿಸಬಹುದು. ಎರಡು ಉದ್ದ ಹಲಗೆ, ನಡುವೆ ಖಾಲಿ. ಟ್ರಿಪ್ಲೆಕ್ಸಿನ ಮೂರನೆಯ ಚಕ್ರ ಬರುವುದು ಸರಿಯಾಗಿ ಆ ಖಾಲಿ ಜಾಗಕ್ಕೆ! ನಡುವೆ ಹಾಕುವ ತಟ್ಟೆಯನ್ನು ಕಂಪನಿಯೇ ಕೊಡುತ್ತದೆಯೇ, ಅದಕ್ಕೆ ಎಷ್ಟು ಭಾರದ ಅನುಮತಿ ಇದೆ ಎಂದು ಕೇಳಿ. ಊರಿನ ವೆಲ್ಡರ್ ಕೈಲಿ ಚೆಕರ್ ಪ್ಲೇಟ್ ಹೊಡೆಸಿಕೊಂಡರಾಯ್ತು ಅನ್ನುವ ಯೋಚನೆ ಬೇಡ. ತಟ್ಟೆ ಹಾಕಿದರೂ ಅದೇ ತಟ್ಟೆ ನಡುವಿನ ರೀಲಿಗೆ ಕೈ ಹೋಗದ ಹಾಗೆ ಅಡ್ಡವಾಗಬಹುದು.

ನಮ್ಮ ವಾಟರ್ ಸರ್ವೀಸ್ ಸ್ಟೇಷನ್ನುಗಳಲ್ಲಿ ನೆಲದೊಳಗಿಂದ ಒಂದೇ ದಪ್ಪ ಕಂಬ ಏಳುವ ಲಿಫ್ಟ್ ನೋಡಿರುತ್ತೀರಿ. ಹಳೆಯದು ಅಗ್ಗಕ್ಕೆ ಸಿಗುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಯಂತ್ರದ ಹೊಟ್ಟೆಯ ನಡುವೆಯೇ ಕಂಬ ನಿಲ್ಲುತ್ತದೆ. ನಿಮ್ಮ ರೀಲುಗಳು ಇರುವುದೂ ಅಲ್ಲೇ. ಇದನ್ನು ಬಿಟ್ಟುಬಿಡಿ.

ಕತ್ತರಿ ಲಿಫ್ಟ್, ಅಂದರೆ ಸಿಸರ್ ಲಿಫ್ಟ್, ಮೂರ್ನಾಲ್ಕು ಅಡಿ ಎತ್ತಿದರೆ ಸಾಕು ಅನ್ನುವವರಿಗೆ ಒಳ್ಳೆಯದು. ಜಾಗ ಕಡಿಮೆ ಸಾಕು, ತಲೆಯ ಮೇಲೆ ಏನೂ ಇರುವುದಿಲ್ಲ. ಬ್ಯಾಟರಿ ಬಗ್ಗಿಗಳಿಗೆ, ಯುಟಿಲಿಟಿ ಗಾಡಿಗಳ ಚಕ್ರ ಮತ್ತು ಬ್ರೇಕ್ ಕೆಲಸಕ್ಕೆ ಸರಿ. ಆದರೆ ನಡುಭಾಗವನ್ನೆಲ್ಲ ಕತ್ತರಿಯೇ ತುಂಬಿಕೊಂಡಿರುತ್ತದೆ.

ಕೊನೆಗೆ, ಹುಲ್ಲಿನ ಯಂತ್ರಗಳಿಗೆಂದೇ ಮಾಡಿದ ಟರ್ಫ್ ಲಿಫ್ಟ್. ಅಮೆರಿಕದಲ್ಲಿ ಹೆಫ್ಟಿ, ಟ್ರಯಾನ್ ಹೆಸರಿನವು ಗಾಲ್ಫ್ ಶೆಡ್ಡುಗಳಲ್ಲಿ ಪರಿಚಿತ. ಮಾದರಿಗಳು ಬೇರೆ ಬೇರೆ ಇದ್ದರೂ ಮೂಲ ಉಪಾಯ ಒಂದೇ: ಹಿಡಿಯುವ ಭಾಗವನ್ನು ಬದಲಾಯಿಸಿಕೊಳ್ಳಬಹುದು. ಟೈರಿನ ಕೆಳಗೆ ಸೇರಿಸುವ ಕವೆ, ಚಾಸಿಗೆ ಕೊಡುವ ಅಡ್ಡಕಂಬಿ, ಮೂರನೆಯ ಚಕ್ರಕ್ಕೆ ಬೇರೆ ಆಸರೆ, ಸಣ್ಣ ಮೋವರ್ ಇಡುವ ತಟ್ಟೆ. ಮುಂದಿನ ಮತ್ತು ಕೆಳಗಿನ ರೀಲುಗಳಿಗೆ ದಾರಿ ತೆರೆದೇ ಇರುತ್ತದೆ. ಎತ್ತುವ ಭಾರ ಕಾರಿನ ಲಿಫ್ಟಿಗಿಂತ ಕಡಿಮೆ ಎಂದು ಮೂಗು ಮುರಿಯಬೇಡಿ. ನಿಮ್ಮ ಪಟ್ಟಿಯಲ್ಲಿ ಟ್ರ್ಯಾಕ್ಟರ್ ಬಿಟ್ಟರೆ ಬಾಕಿ ಎಲ್ಲವೂ ಅದರೊಳಗೇ ಬರಬಹುದು, ಲೆಕ್ಕ ಹಾಕಿ ನೋಡಿ. ಹಣ ಇದ್ದು ಒಂದೇ ಲಿಫ್ಟ್ ಕೊಳ್ಳುವುದಾದರೆ ನನ್ನ ಮತ ಇದಕ್ಕೇ. ಟ್ರ್ಯಾಕ್ಟರ್ ವರ್ಷಕ್ಕೆ ಎರಡು ಸಲ ಸರ್ವೀಸ್ ಸೆಂಟರಿಗೆ ಹೋಗಿ ಬರಲಿ ಬಿಡಿ.

ಕೈಯಲ್ಲಿ ನಡೆಸುವ ಮೋವರ್‌ಗಳ ಮಾತೇ ಬೇರೆ. 100 ಕೆಜಿಯನ್ನು ದಿನವೂ ಇಬ್ಬರು ಎತ್ತಿ ಬೆಂಚ್ ಮೇಲೆ ಇಡುವುದು ನೋಡಿದರೆ ಸೊಂಟ ಹಿಡಿದುಕೊಳ್ಳಬೇಕು ಅನ್ನಿಸುತ್ತದೆ. ಇದಕ್ಕೆ ನಮ್ಮಲ್ಲೇ ಅಗ್ಗದ ದಾರಿ ಇದೆ. ಬೈಕ್ ಸರ್ವೀಸ್ ಸೆಂಟರಿನಲ್ಲಿರುವ ಹೈಡ್ರಾಲಿಕ್ ರ‍್ಯಾಂಪ್! ಬೈಕನ್ನೇ ಎತ್ತುವ ರ‍್ಯಾಂಪಿಗೆ ಇದು ಭಾರವಲ್ಲ. ಮೋವರ್‌ನ ಸಾಗಣೆ ಚಕ್ರ ತೆಗೆದಮೇಲೆ ಅದು ಉರುಳುವ ಡ್ರಮ್ ಅಗಲ ಎಷ್ಟು, ರ‍್ಯಾಂಪ್ ಅಗಲ ಎಷ್ಟು ಅಳೆದುಕೊಳ್ಳಿ. ಪಕ್ಕಕ್ಕೆ ಉರುಳದಂತೆ ಅಂಚಿಗೆ ತಡೆ, ಹ್ಯಾಂಡಲ್ ಕಟ್ಟಲು ಬೆಲ್ಟ್ ಬೇಕು. ಕೊಯಮತ್ತೂರಿನಿಂದ ಪುಣೆಯವರೆಗೆ ಗ್ಯಾರೇಜ್ ಸಾಮಾನು ಮಾಡುವವರು ಬೇಕಾದಷ್ಟಿದ್ದಾರೆ, ಅಗಲದ ಮಾಡೆಲ್ ಕೇಳಿದರೆ ಸಿಗುತ್ತದೆ. ಬಜೆಟ್ ತೀರಾ ಕಡಿಮೆ ಇರುವ ಕ್ಲಬ್ ಇದೊಂದನ್ನೇ ಮೊದಲು ಕೊಂಡರೂ ಶೆಡ್ಡಿನ ಕೆಲಸ ಅರ್ಧ ಹಗುರಾಗುತ್ತದೆ.

ಹಂತ 4: ನೆಲ, ಸೂರು, ಕರೆಂಟು

ನೆಲ ಮೊದಲು. ಎರಡು ಕಂಬದ ಲಿಫ್ಟ್ ನಿಲ್ಲುವುದು ಆಂಕರ್ ಬೋಲ್ಟ್ ಮೇಲೆ, ಬೋಲ್ಟ್ ನಿಲ್ಲುವುದು ಕಾಂಕ್ರೀಟ್ ಮೇಲೆ. ನಾಲ್ಕು, ನಾಲ್ಕೂವರೆ ಟನ್ನಿನವಕ್ಕೆ ಕಂಪನಿಗಳು ಸಾಮಾನ್ಯವಾಗಿ ಕೇಳುವುದು ಕಡಿಮೆ ಅಂದರೆ ನಾಲ್ಕು ಇಂಚಿಗೂ ಸ್ವಲ್ಪ ಜಾಸ್ತಿ ದಪ್ಪ, ಒಳ್ಳೆಯ ಗಟ್ಟಿತನ. ನಮ್ಮ ಹಳೆಯ ಶೆಡ್ಡುಗಳಲ್ಲಿ ಮಣ್ಣು ತುಂಬಿಸಿ, ಮೇಲೆ ಮೂರು ಇಂಚು ಕಾಂಕ್ರೀಟ್ ಬಳಿದು, ಅದರ ಮೇಲೆ ಶಹಾಬಾದ್ ಅಥವಾ ಕಡಪ ಕಲ್ಲು ಹಾಸಿರುತ್ತಾರೆ. ನೋಡಲು ಗಟ್ಟಿ, ಬೋಲ್ಟಿಗೆ ಏನೂ ಪ್ರಯೋಜನವಿಲ್ಲ. ಕಲ್ಲಿನ ದಪ್ಪವನ್ನು ಕಾಂಕ್ರೀಟ್ ಲೆಕ್ಕಕ್ಕೆ ಸೇರಿಸಬೇಡಿ. ಕಂಬ ಬರುವ ಜಾಗದಲ್ಲಿ ಒಂದು ತೂತು ಕೊರೆಸಿ, ಕಡ್ಡಿ ಇಳಿಸಿ ದಪ್ಪ ಅಳೆಯಿರಿ. ಸಾಲದಿದ್ದರೆ ಆ ಭಾಗ ಒಡೆಸಿ, ಕಂಪನಿ ಕೊಟ್ಟ ಡ್ರಾಯಿಂಗ್ ಪ್ರಕಾರ ಕಬ್ಬಿಣ ಕಟ್ಟಿಸಿ ಎಂ25 ದರ್ಜೆಯ ಕಾಂಕ್ರೀಟ್ ಹಾಕಿಸಿ, ನೀರು ಉಣಿಸಿ, 28 ದಿನ ಬಿಡಿ. ಕಂಟ್ರಾಕ್ಟರ್ "ಒಂದು ವಾರ ಸಾಕು ಸಾರ್" ಅನ್ನುತ್ತಾರೆ. ಸಾಲದು. ಬಿರುಕಿನ ಪಕ್ಕ, ಕಾಂಕ್ರೀಟ್ ಜೋಡಣೆಯ ಪಕ್ಕ ಬೋಲ್ಟ್ ಬರಬಾರದು.

ಎರಡು ಕಂಬಗಳನ್ನು ಜೋಡಿಸುವ ಕೇಬಲ್, ಹೋಸ್ ಎಲ್ಲಿ ಹಾದುಹೋಗುತ್ತವೆ ಅನ್ನುವುದನ್ನೂ ನೋಡಿ. ಕೆಲವದರಲ್ಲಿ ನೆಲದ ಮೇಲೆ ಒಂದು ಉಬ್ಬು ತಟ್ಟೆ ಇರುತ್ತದೆ. ಕಾರಿಗೆ ಅದು ಲೆಕ್ಕಕ್ಕಿಲ್ಲ. ನೆಲಕ್ಕೆ ಅಂಟಿಕೊಂಡಂತಿರುವ ರೀಲಿಗೆ ಆ ಉಬ್ಬು ತಗುಲಿದರೆ ನೀವು ಬೆಳಗಿನಿಂದ ಮಾಡಿದ ಅಡ್ಜಸ್ಟ್‌ಮೆಂಟ್ ಹೋಯಿತು. ಮೇಲಿನಿಂದ ಹಾಯುವ ಮಾದರಿಯಲ್ಲಿ ಈ ತೊಂದರೆ ಇಲ್ಲ, ಆದರೆ ಸೂರು ಎತ್ತರ ಬೇಕು.

ಸೂರಿನ ಲೆಕ್ಕ ಹೀಗೆ: ರಕ್ಷಣಾ ಕಂಬಿ ಸೇರಿ ಯಂತ್ರ 7 ಅಡಿ, ಎತ್ತುವುದು 5 ಅಡಿ, ಮೇಲೆ ಅರ್ಧ ಅಡಿ ಬಿಡುವು. ಹನ್ನೆರಡೂವರೆ ಅಡಿ. ಅಳೆಯಬೇಕಾದ್ದು ಶೀಟಿನವರೆಗೆ ಅಲ್ಲ, ಟ್ರಸ್ಸಿನ ಕೆಳಗಿನ ಕಂಬಿ, ಟ್ಯೂಬ್‌ಲೈಟ್, ಫ್ಯಾನ್‌ವರೆಗೆ. ಇಳಿಜಾರಿನ ಸೂರಾದರೆ ಲಿಫ್ಟ್ ಬರುವ ಜಾಗದಲ್ಲೇ ಅಳೆಯಿರಿ. ಮಡಚುವ ಕಂಬಿ ಇರುವ ಮೋವರ್ ಆದರೆ ಒಂದಿಷ್ಟು ಉಳಿತಾಯ. ಮಡಚುವುದು ಮರೆತವರು ಶೀಟ್ ತೂತು ಮಾಡುತ್ತಾರೆ ಅನ್ನುವುದೂ ನೆನಪಿರಲಿ.

ಕರೆಂಟಿನ ವಿಷಯ ವಿದೇಶದ ಮಾರ್ಗದರ್ಶಿಗಳಲ್ಲಿ ಎರಡು ಸಾಲಿಗೆ ಮುಗಿಯುತ್ತದೆ. ನಮಗೆ ಅಷ್ಟು ಸಾಲದು. ಶೆಡ್ಡಿಗೆ ಮೂರು ಫೇಸ್ ಬಂದಿದೆಯೇ, ಒಂದೇ ಫೇಸ್ ಇದೆಯೇ ಮೊದಲು ನೋಡಿ. ಸಿಂಗಲ್ ಫೇಸ್ ಮೋಟರ್ ಕಡಿಮೆ ವೋಲ್ಟೇಜಿನಲ್ಲಿ ಭಾರ ಎತ್ತಲು ಹೆಣಗಾಡಿ ಬಿಸಿಯಾಗಿ ಸುಟ್ಟುಹೋಗುತ್ತದೆ. ಕೋರ್ಸಿನ ನೀರಿನ ಪಂಪು ಓಡುವ ಹೊತ್ತಿನಲ್ಲಿ ಶೆಡ್ಡಿನ ವೋಲ್ಟೇಜ್ ಎಷ್ಟಿಳಿಯುತ್ತದೆ ಎಂದು ಎಲೆಕ್ಟ್ರಿಷಿಯನ್ ಕೈಲಿ ಅಳೆಸಿ. ಇನ್ನೊಂದು, ಯಂತ್ರ ಮೇಲಿರುವಾಗಲೇ ಕರೆಂಟ್ ಹೋದರೆ? ಹೈಡ್ರಾಲಿಕ್ ಲಿಫ್ಟ್ ಆದರೆ ಯಂತ್ರ ಜಾರದಂತೆ ಹಿಡಿಯುವ ಲಾಕ್ ಬಿಡಿಸಿ, ವಾಲ್ವ್ ತಿರುಗಿಸಿ ಇಳಿಸುವ ದಾರಿ ಸಾಮಾನ್ಯವಾಗಿ ಇರುತ್ತದೆ. ಆದರೆ ಲಾಕ್ ಮೇಲೆ ಕೂತಿರುವ ಯಂತ್ರವನ್ನು ಬಿಡಿಸಲು ಮೊದಲು ಒಂದಿಷ್ಟು ಮೇಲೆತ್ತಬೇಕು, ಅದಕ್ಕೆ ಕೈಪಂಪ್ ಇದೆಯೇ ಕೇಳಿ. ಸ್ಕ್ರೂ ಮೇಲೆ ನಟ್ ಓಡುವ ಎಲೆಕ್ಟ್ರೋ ಮೆಕ್ಯಾನಿಕಲ್ ಲಿಫ್ಟ್ ತಾನಾಗಿ ಜಾರುವುದಿಲ್ಲ, ಎಣ್ಣೆ ಸೋರುವ ಗೋಜಿಲ್ಲ. ಕರೆಂಟ್ ಇಲ್ಲದೆ ಇಳಿಯುವುದೂ ಇಲ್ಲ, ಹ್ಯಾಂಡಲ್ ಹಾಕಿ ಸುತ್ತಬೇಕು. ಅದರ ಕಂಚಿನ ನಟ್ ಸವೆಯುತ್ತದೆ. ಕೆಳಗೆ ಇನ್ನೊಂದು ಸುರಕ್ಷತಾ ನಟ್ ಇರುತ್ತದೆ. ಎರಡರ ನಡುವಿನ ಅಂತರ ಕಡಿಮೆಯಾಗುತ್ತಾ ಬಂದರೆ ಮೇಲಿನದು ಸವೆದಿದೆ ಎಂದರ್ಥ. ಇದನ್ನು ಅಳೆಯುವ ಅಭ್ಯಾಸ ಇಲ್ಲದ ಶೆಡ್ಡಿಗೆ ಸ್ಕ್ರೂ ಲಿಫ್ಟ್ ಬೇಡ.

ಕೊಡಗು, ಚಿಕ್ಕಮಗಳೂರು, ಕರಾವಳಿಯವರು ಕೇಬಲ್ ಇರುವ ಮಾದರಿ ಕೊಂಡರೆ ತುಕ್ಕಿನ ಕಡೆ ಒಂದು ಕಣ್ಣಿಡಬೇಕು. ಮೋವರ್ ತೊಳೆಯುವ ಜಾಗದಿಂದ ಲಿಫ್ಟ್ ದೂರ ಇರಲಿ. ತೊಳೆದ ಯಂತ್ರವನ್ನು ನೀರು ಸೋರುತ್ತಿರುವಾಗಲೇ ಲಿಫ್ಟಿಗೆ ತಂದರೆ ಮಣ್ಣು, ಗೊಬ್ಬರದ ಉಪ್ಪು ಎಲ್ಲ ಕಂಬದ ಬುಡಕ್ಕೆ ಇಳಿಯುತ್ತದೆ.

ಹಂತ 5: ಕಾಗದ ಕೇಳಿ

ಅಮೆರಿಕದ ಲಿಫ್ಟ್ ಆದರೆ ಆಟೋಮೋಟಿವ್ ಲಿಫ್ಟ್ ಇನ್‌ಸ್ಟಿಟ್ಯೂಟ್‌ನ ಚಿನ್ನದ ಬಣ್ಣದ ಲೇಬಲ್ ಇದೆಯೇ ನೋಡಿ. ಯುರೋಪಿನದಾದರೆ ವಾಹನ ಲಿಫ್ಟುಗಳ ಇಎನ್ 1493 ಮಾನದಂಡದ ಪ್ರಮಾಣಪತ್ರ ಕೇಳಿ. ಯಾವ ಮಾಡೆಲ್‌ಗೆ ಕೊಟ್ಟಿದ್ದು ಅನ್ನುವುದನ್ನು ಓದಿ. ಬೇರೆ ಮಾಡೆಲ್‌ನ ಕಾಗದ ತೋರಿಸುವುದು ಹೊಸದೇನಲ್ಲ. ನಮ್ಮಲ್ಲೇ ಮಾಡಿದ್ದಾದರೆ ಹೆಚ್ಚುವರಿ ಭಾರ ಹಾಕಿ ಪರೀಕ್ಷೆ ಮಾಡಿದ ವರದಿ, ವೆಲ್ಡಿಂಗ್ ತಪಾಸಣೆ, ಲಾಕ್ ಎಷ್ಟು ಅಂತರಕ್ಕೆ ಒಂದು ಬೀಳುತ್ತದೆ, ಹೋಸ್ ಒಡೆದರೆ ತಡೆಯುವ ವಾಲ್ವ್ ಇದೆಯೇ, ಇವನ್ನು ಬರಹದಲ್ಲಿ ಕೇಳಿ.

ಕೊಟೇಶನ್‌ನಲ್ಲಿ ಫಿಟ್ಟಿಂಗ್, ಆಂಕರ್, ಎಣ್ಣೆ, ಸಾಗಣೆ, ಟ್ರೈನಿಂಗ್ ಸೇರಿದೆಯೇ ನೋಡಿ. ಹೊರದೇಶದ್ದಾದರೆ ಕಸ್ಟಮ್ಸ್ ಸುಂಕ ಬೇರೆ. ಸೀಲ್ ಕಿಟ್ ಬೆಂಗಳೂರಿನಲ್ಲಿ ಸಿಗುತ್ತದೆಯೇ, ಹೊರಗಿನಿಂದ ಬರಬೇಕೆ? ಆರು ವಾರ ಕಾಯಬೇಕೆಂದರೆ ಲಿಫ್ಟ್ ಜೊತೆಗೇ ಒಂದು ಕಿಟ್ ತರಿಸಿ ಕಪಾಟಿನಲ್ಲಿಡಿ. ಸೆಕೆಂಡ್ ಹ್ಯಾಂಡ್ ಲಿಫ್ಟ್ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಬಿಚ್ಚಿದ ಲಿಫ್ಟಿನ ಮ್ಯಾನ್ಯುಯಲ್, ಡ್ರಾಯಿಂಗ್ ಎರಡೂ ಸಿಗದಿದ್ದರೆ ಬೆಲೆ ಎಷ್ಟೇ ಕಡಿಮೆ ಇರಲಿ, ಬೇಡ.

ಹಂತ 6: ನಿಮ್ಮ ಮೋವರ್ ಹತ್ತಿಸಿ ನೋಡದೆ ಸಹಿ ಹಾಕಬೇಡಿ

ಶೋರೂಮಿನಲ್ಲಿ ಡೆಮೊ ಕಾರಿನ ಮೇಲೆ ಇರುತ್ತದೆ. ಅದನ್ನು ನೋಡಿ ಏನು ಪ್ರಯೋಜನ? ನಿಮ್ಮ ಟ್ರಿಪ್ಲೆಕ್ಸನ್ನು ಗೂಡ್ಸ್ ಆಟೋಗೋ ಟೆಂಪೋಗೋ ಹಾಕಿಕೊಂಡು ಹೋಗಿ. ಹೋಗಲು ಆಗದಿದ್ದರೆ ಅದೇ ಲಿಫ್ಟ್ ಇರುವ ಇನ್ನೊಂದು ಕ್ಲಬ್ ಕೇಳಿಕೊಂಡು ನೋಡಿ ಬನ್ನಿ. ಗ್ರೀನ್ ಸೂಪರಿಂಟೆಂಡೆಂಟ್ ಜೊತೆ ಮೆಕ್ಯಾನಿಕ್ ಕೂಡ ಇರಲೇಬೇಕು. ಹತ್ತಿಸಲು ಎಷ್ಟು ಹೊತ್ತಾಯಿತು ನೋಡಿ. ಹತ್ತಿಸಲು ಕಾಲು ಗಂಟೆ ಹಿಡಿಯುವ ಲಿಫ್ಟನ್ನು ಬೆಳಗಿನ ಗಡಿಬಿಡಿಯಲ್ಲಿ ಯಾರೂ ಬಳಸುವುದಿಲ್ಲ, ಜ್ಯಾಕ್ ತೆಗೆದುಕೊಳ್ಳುತ್ತಾರೆ. ಮೇಲೆ ಹೋದಮೇಲೆ ಮೆಕ್ಯಾನಿಕ್ ನಿಜವಾಗಿ ಸ್ಪ್ಯಾನರ್ ಹಾಕಿ ನಡುವಿನ ರೀಲನ್ನು ಬಿಚ್ಚಿ ತೋರಿಸಲಿ.

ಅಲ್ಲೇ ಇನ್ನೊಂದು ಪರೀಕ್ಷೆ. ಮುಂದಿನ ರೀಲುಗಳನ್ನು ಬಿಚ್ಚಿ ಕೆಳಗಿಟ್ಟರೆ ಯಂತ್ರದ ಮುಂಭಾಗ ಹಗುರಾಗುತ್ತದೆ. ಎಂಜಿನ್ ಹಿಂದೆ ಇರುವ ಯಂತ್ರವಾದರೆ ಭಾರದ ಕೇಂದ್ರ ಹಿಂದಕ್ಕೆ ಸರಿಯುತ್ತದೆ. ಎತ್ತುವಾಗ ಸರಿಯಾಗಿದ್ದದ್ದು ಅರ್ಧ ಕೆಲಸದಲ್ಲಿ ಹಿಂದಕ್ಕೆ ವಾಲಬಹುದು. ಇದಕ್ಕೆ ಲಿಫ್ಟಿನಲ್ಲಿ ಕಟ್ಟುವ ಬೆಲ್ಟ್, ಹಿಂದೆ ಕೊಡುವ ಎತ್ತರದ ಸ್ಟ್ಯಾಂಡ್ ಏನಿದೆ ಎಂದು ಮಾರುವವರನ್ನು ಕೇಳಿ. ಅವರಿಗೆ ಪ್ರಶ್ನೆಯೇ ಅರ್ಥವಾಗದಿದ್ದರೆ ಅವರು ಹುಲ್ಲಿನ ಯಂತ್ರಕ್ಕೆ ಲಿಫ್ಟ್ ಮಾರಿದವರಲ್ಲ.

ಹಂತ 7: ಕೂರಿಸಿದ ಮೇಲೆ

ಮೊದಲ ದಿನ ಅತಿ ಹಗುರದ ಯಂತ್ರದಿಂದ ಶುರು ಮಾಡಿ, ಭಾರದ್ದು ಕೊನೆಗೆ. ಪ್ರತಿ ಸಲವೂ ಚಕ್ರ ನೆಲ ಬಿಟ್ಟ ಕೂಡಲೇ ನಿಲ್ಲಿಸಿ, ಯಂತ್ರವನ್ನು ಕೈಯಲ್ಲಿ ಅಲುಗಾಡಿಸಿ ನೋಡಿ. ಬೇಕಾದ ಎತ್ತರಕ್ಕೆ ಬಂದಮೇಲೆ ಸ್ವಲ್ಪ ಇಳಿಸಿ ಲಾಕ್ ಮೇಲೆ ಕೂರಿಸಿ. ಎಣ್ಣೆಯ ಒತ್ತಡದ ಮೇಲೆ ನಿಂತ ಯಂತ್ರದ ಕೆಳಗೆ ತಲೆ ಹಾಕುವಂತಿಲ್ಲ, ಐದು ನಿಮಿಷದ ಕೆಲಸವಾದರೂ. ಒಂದು ವಾರ ಬಿಟ್ಟು ಆಂಕರ್ ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಮತ್ತೆ ನೋಡಿಸಿ. ಅಮೆರಿಕದ ಮಾನದಂಡ ವರ್ಷಕ್ಕೊಮ್ಮೆ ತಿಳಿದವರಿಂದ ತಪಾಸಣೆ ಮಾಡಿಸಿ ಅನ್ನುತ್ತದೆ. ನಮ್ಮಲ್ಲಿ ಅದನ್ನು ಮಳೆಗಾಲ ಮುಗಿದ ಕೂಡಲೇ ಮಾಡಿಸುವುದು ಒಳ್ಳೆಯದು. ಕೇಬಲ್, ಬುಡದ ತಟ್ಟೆ, ಲಾಕಿನ ಸ್ಪ್ರಿಂಗ್‌ಗಳಿಗೆ ಏನಾಗಿದೆ ಅನ್ನುವುದು ಆಗ ಗೊತ್ತಾಗುತ್ತದೆ.

ಲಿಫ್ಟ್ ಬಳಸಲು ಕಲಿತವರ ಹೆಸರು ಕಂಬದ ಮೇಲೆ ಬರೆದಿರಲಿ. ಸ್ವಿಚ್ಚಿಗೆ ಬೀಗ ಹಾಕಿ, ಕೀಲಿ ಅವರ ಹತ್ತಿರವೇ ಇರಲಿ. ಪಕ್ಕದಲ್ಲೇ ಯಂತ್ರದ ಹೆಸರು, ಹಿಡಿಯುವ ಜಾಗ, ಬಳಸಬೇಕಾದ ಕವೆ ಯಾವುದು ಎಂದು ಫೋಟೊ ಸಮೇತ ಲ್ಯಾಮಿನೇಟ್ ಮಾಡಿ ನೇತು ಹಾಕಿ. ಹೊಸ ಮೋವರ್ ಬಂದ ದಿನವೇ ಆ ಪಟ್ಟಿಗೆ ಅದನ್ನೂ ಸೇರಿಸಿ.